ಪೋರ್ಚುಗಲ್ಲಿನ ಚರ್ಚಿನ ಗೋಡೆಗೆ ನಾನು ನೀರು ಹೊಡೆದದ್ದು

ಕಾಗವಾಡ

ಸಿಮೆಂಟು ಮಾರುವವನಿಗೆ ವಿದೇಶ ಪ್ರವಾಸ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಸಿಮೆಂಟಿನಿಂದಲೇ ಬಂತು! ವರ್ಷದಲ್ಲಿ ಹೇಳಿದಷ್ಟು ಮಾಲು ಎತ್ತಿದ ವ್ಯಾಪಾರಿಗಳನ್ನು ಕಂಪನಿಯವರು ವಿಮಾನ ಹತ್ತಿಸಿ ಎಲ್ಲಿಗಾದರೂ ತಿರುಗಾಡಿಸಿಕೊಂಡು ಬರುತ್ತಾರೆ. ನಮ್ಮ ಕಡೆ ಇದಕ್ಕೆ ‘ಸ್ಕೀಮ್ ಹೊಡೆಯುವುದು’ ಎನ್ನುತ್ತಾರೆ. ಹಿಂದೊಮ್ಮೆ ನಾನು ಬ್ಯಾಂಕಾಕ್ ನೋಡಿದ್ದು ಹೀಗೆಯೇ. ಈ ಸಲ ಪೋರ್ಚುಗಲ್ ಎಂದು ಗೊತ್ತಾದಾಗ ಅಂಗಡಿಯ ಗಲ್ಲೆಯ ಮೇಲಿಂದ ಎದ್ದು ಕುಣಿಯುವುದೊಂದು ಬಾಕಿ ಇತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ಕಡೆಯಿಂದ ಒಬ್ಬೊಬ್ಬ ವ್ಯಾಪಾರಿ. ಕಾಗವಾಡದವನು ನಾನು, ಧನಪಾಲ.

ಹೊರಡುವ ಮೊದಲು ನನಗೊಂದು ದೊಡ್ಡ ಕೆಲಸವಿತ್ತು. ನಮ್ಮೂರಲ್ಲಿ ಒಂದು ಹಳೆಯ ಬಸದಿ ಇದೆ. ಹೊರಗೆ ಕರಿಕಲ್ಲು, ಒಳಗೆ ಮಣ್ಣು ತುಂಬಿದ ಮೊಳಗಟ್ಟಲೆ ದಪ್ಪದ ಗೋಡೆ, ಅದರ ಮೇಲೆ ಅಜ್ಜ ಮುತ್ತಜ್ಜಂದಿರ ಕಾಲದ ಸುಣ್ಣದ ಗಾರೆ. ಗಾರೆ ಅಲ್ಲಲ್ಲಿ ಉದುರುತ್ತಿತ್ತು. ನಮ್ಮ ಅಪ್ಪ ತೀರಿಕೊಳ್ಳುವ ವಾರದವರೆಗೂ ದಿನಾ ಬೆಳಗ್ಗೆ ಅಲ್ಲಿಗೆ ಹೋಗಿ, ಉದುರಿದ್ದನ್ನು ಗುಡಿಸಿ ಬರುತ್ತಿದ್ದರು. ಅವರ ಹೆಸರಿನಲ್ಲಿ ಇಡೀ ಬಸದಿಗೆ ಹಳೇ ಗಾರೆ ತೆಗೆಸಿ ಸಿಮೆಂಟಿನ ಗಿಲಾವು ಮಾಡಿಸಿಕೊಡುತ್ತೇನೆ ಎಂದು ನಾನು ಊರ ಮುಂದೆ ಹೇಳಿದ್ದೆ. ಬಸದಿಯ ಕಮಿಟಿಗೆ ನಮ್ಮ ಅಣ್ಣನೇ ಮುಖ್ಯಸ್ಥ. ಮಳೆಗಾಲದೊಳಗೆ ಮುಗಿಯಬೇಕೆಂದು ಅವನ ಅವಸರ. ನನ್ನ ಅಂಗಡಿಯ ಒಳ್ಳೆಯ ಮಾಲನ್ನೇ ಬಸದಿಯ ಅಂಗಳದಲ್ಲಿ ಇಳಿಸಿ, ಗವಂಡಿಗಳಿಗೆ ಹಳೇ ಸುಣ್ಣ ಕೆರೆಯಲು ಹೇಳಿ, ಎದೆ ಉಬ್ಬಿಸಿಕೊಂಡು ವಿಮಾನ ಹತ್ತಿದೆ. ದಾರಿಯುದ್ದಕ್ಕೂ ಈ ವಿಷಯವನ್ನು ಎಷ್ಟು ಜನಕ್ಕೆ ಹೇಳಿದೆನೆಂದರೆ, ಪಕ್ಕದ ಸೀಟಿನಲ್ಲಿದ್ದ ನಿಪ್ಪಾಣಿಯ ಬಾಳಾಸಾಹೇಬ ಕೊನೆಗೆ ಕಿವಿಗೆ ಹತ್ತಿ ಇಟ್ಟುಕೊಂಡ.

ಲಿಸ್ಬನ್

ಲಿಸ್ಬನ್ನಿನಲ್ಲಿ ನಮ್ಮನ್ನು ಇದಿರುಗೊಂಡವಳು ಲವೀನಾ ಎಂಬ ಹುಡುಗಿ. ಮೂಲ ಮಡಗಾಂವದವಳು, ಈಗ ಅಲ್ಲೇ ನೆಲೆಸಿ ಪ್ರವಾಸಿಗಳಿಗೆ ಊರು ತೋರಿಸುತ್ತಾಳೆ. ನಮ್ಮ ಹರುಕು ಮುರುಕು ಇಂಗ್ಲಿಷು ಎರಡು ನಿಮಿಷ ಕೇಳಿದವಳೇ ಕೊಂಕಣಿ ಶುರು ಮಾಡಿದಳು. ನಾವು ಮರಾಠಿಯಲ್ಲಿ ಉತ್ತರ ಕೊಟ್ಟೆವು. ಗಡಿಯಲ್ಲಿ ಹುಟ್ಟಿದ್ದರ ಲಾಭ ಸಮುದ್ರದ ಆಚೆ ಹೀಗೆ ಸಿಕ್ಕೀತು ಎಂದು ಯಾರಿಗೆ ಗೊತ್ತಿತ್ತು! ಅವಳ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಅವಳು ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲ ದಿನವೇ ನನಗೆ ಆ ದೇಶ ಹಿಡಿಸಿಬಿಟ್ಟಿತು. ಕಾರಣ ಸೂರ್ಯ. ನಾವು ಜೈನರು, ಕತ್ತಲಾದ ಮೇಲೆ ಊಟ ಮಾಡುವುದಿಲ್ಲ. ಬ್ಯಾಂಕಾಕಿನಲ್ಲಿ ಉಳಿದವರು ಪಾರ್ಟಿ ಮಾಡುವಾಗ ನಾನು ರೂಮಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ಇಲ್ಲಿ ಮೇ ತಿಂಗಳಲ್ಲಿ ಸಂಜೆ ಎಂಟೂವರೆಯವರೆಗೂ ಬೆಳಕು. ನಾನು ಎರಡು ಸಲ ಉಂಡೆ!

ಬೀದಿಯ ತುಂಬ ಕಪ್ಪು ಬಿಳಿ ಕಲ್ಲಿನ ಚೂರುಗಳನ್ನು ಒಂದೊಂದಾಗಿ ಕೂಡಿಸಿ ಬಳ್ಳಿ, ಅಲೆ, ಹೂವು ಮಾಡಿದ್ದಾರೆ. ಅದರ ಮೇಲೆ ಜಾರಿ ಬಾಳಾಸಾಹೇಬ ಬಾಜಾರದ ನಡುವೆ ಕುಕ್ಕರಿಸಿದ.

“ಇಷ್ಟ್ ಕಲ್ಲ ಕೂಡಸೂ ಬದ್ಲಿ ಮ್ಯಾಲ ಒಂದ್ ಕಾಂಕ್ರೀಟ್ ಎಳದಿದ್ರ ಆಗತಿತ್ತಲ್ಲೋ ಧನಪಾಲಣ್ಣಾ,” ಎಂದ, ಸೊಂಟ ಹಿಡಿದುಕೊಂಡು. ನಾನು ಖರೇ ಖರೇ ಎಂದು ಗೋಣು ಹಾಕಿದೆ. ಐದೂ ಜನ ಆ ಊರಿಗೆ ಎಷ್ಟು ಸಿಮೆಂಟು ಬೇಕಾದೀತೆಂದು ಲೆಕ್ಕ ಹಾಕುತ್ತ ಹೋಟೆಲ್ಲಿಗೆ ಬಂದೆವು. ನಾವು ಹಾಗೆಯೇ, ಏನು ಮಾಡುವುದು.

ಬಸ್ಸು ಕೆಟ್ಟ ಊರು

ಮೂರನೇ ದಿನ ದಕ್ಷಿಣಕ್ಕೆ, ಸಮುದ್ರ ತೋರಿಸಲು ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಗುಡ್ಡದ ಮೇಲಿನ ಒಂದು ಸಣ್ಣ ಊರ ಹತ್ತಿರ ಬಸ್ಸು ಬುಸ್ಸೆಂದು ಹೊಗೆ ಬಿಟ್ಟು ನಿಂತಿತು. ಬೇರೆ ಬಸ್ಸು ಬರುವುದಕ್ಕೆ ನಾಲ್ಕು ತಾಸು ಎಂದರು. ಊರಿನ ಹೆಸರನ್ನು ಲವೀನಾ ಹತ್ತು ಸಲ ಹೇಳಿಕೊಟ್ಟಳು. ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುವ ಆ ಹೆಸರು ನನ್ನ ನಾಲಗೆಗೆ ಕೊನೆಗೂ ಒಗ್ಗಲಿಲ್ಲ.

ಆದರೆ ಊರು! ಎಲ್ಲ ಮನೆಗೂ ಬೆಳ್ಳಗೆ ಸುಣ್ಣ, ಬುಡಕ್ಕೆ ಮೊಳದೆತ್ತರದ ನೀಲಿ ಇಲ್ಲವೇ ಹಳದಿ ಪಟ್ಟಿ. ನಮ್ಮಲ್ಲಿ ಹಬ್ಬದ ಮೊದಲು ಸುಣ್ಣಕ್ಕೆ ನೀಲಿ ಹಾಕಿ ಬಳಿದು, ಕೆಳಗೆ ಕೆಂಪು ಹುರಮಂಜಿನ ಪಟ್ಟಿ ಎಳೆಯುತ್ತಿದ್ದರಲ್ಲ, ಹಾಗೆ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಉದ್ದನೆಯ ಕೋಲಿಗೆ ಬ್ರಷ್ ಕಟ್ಟಿ ಸುಣ್ಣ ಬಳಿಯುತ್ತಿದ್ದಳು. ಮೂಗಿಗೆ ಆ ವಾಸನೆ ಬಡಿದಾಗ ನಾನು ಎಂಟು ವರ್ಷದವನಾಗಿಬಿಟ್ಟೆ.

ಉಳಿದ ಮೂವರು ಕಾಫಿ ಅಂಗಡಿಯ ನೆರಳಿನಲ್ಲಿ ಇಸ್ಪೀಟು ಹಾಕಿದರು. ನಾನೂ ಬಾಳಾಸಾಹೇಬನೂ ಏರು ಹತ್ತಿ ಚರ್ಚಿನ ಕಡೆ ನಡೆದೆವು. ಗೋವಾದಲ್ಲಿ ನೋಡಿದಂಥ ಭಾರೀ ಚರ್ಚು ಅಲ್ಲ ಅದು. ಗಿಡ್ಡ, ಅಗಲ, ನೆಲಕ್ಕೆ ಗಟ್ಟಿಯಾಗಿ ಕೂತಿದ್ದು. ಪಕ್ಕದ ಗೋಡೆಗಳಿಗೆ ಆನೆಯ ಕಾಲಿನಷ್ಟು ದಪ್ಪದ ಆಧಾರದ ಕಂಬಗಳು. ಎಡಕ್ಕೆ ಗಂಟೆಯ ಗೋಪುರ ಇತ್ತು, ಬಲಕ್ಕೆ ಇರಬೇಕಾದ ಜಾಗ ಬೋಳು. ಗೋಪುರದ ತುದಿಗೆ ಕಡ್ಡಿಗಳ ದೊಡ್ಡ ಗೂಡು, ಅದರಲ್ಲಿ ಒಂಟಿ ಕಾಲಿನ ಮೇಲೆ ನಿಂತ ಕೊಕ್ಕರೆ! ಊರವರು ಅದನ್ನು ಎಬ್ಬಿಸುವುದಿಲ್ಲವಂತೆ. ನನಗೆ ಇದು ಬಹಳ ಸೇರಿತು.

ದೇವರ ಜಾಗ ಎಂದು ಬಾಗಿಲ ಬಳಿ ಬೂಟು ಬಿಟ್ಟೆ. ಅಲ್ಲಿ ಯಾರೂ ಬಿಡುವುದಿಲ್ಲ. ಯಾಕೆ ಬಿಡಬಾರದು ಎಂಬುದನ್ನು ಕೊಕ್ಕರೆ ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ನನ್ನ ಬೂಟಿನೊಳಗೆ ಗುರಿಯಿಟ್ಟು ತಿಳಿಸಿತು.

ಬಡಗಣ ಗೋಡೆ

ಬಾಗಿಲು ಮುಚ್ಚಿತ್ತು. ಒಂದು ಸುತ್ತು ಹಾಕೋಣವೆಂದು ಬಡಗಣ ಗೋಡೆಯ ಕಡೆ ಹೋದೆವು. ಅಲ್ಲಿ ಅಟ್ಟಣಿಗೆ ಕಟ್ಟಿ ಹೊಸ ಗಿಲಾವು ಮಾಡಿದ್ದರು. ಜನ ಯಾರೂ ಇಲ್ಲ, ಗಾರೆ ಬಳಿಯುವ ಕರಣಿ, ಬುಟ್ಟಿ ಎಲ್ಲ ಬಿದ್ದಿವೆ. ಕಾಫಿಗೆ ಹೋಗಿರಬೇಕು. ಗೋಡೆ ಬಿಸಿ ಗಾಳಿಗೆ ಬೆಳ್ಳಗೆ ಒಣಗುತ್ತಿತ್ತು.

ಮನೆ ಕಟ್ಟಿಸುವವರಿಗೆ ನಾನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದದ್ದು ಒಂದೇ ಮಾತು: ನೀರು ಹೊಡೀರಿ. ಗಿಲಾವು ಒಣಗಲು ಬಿಟ್ಟರೆ ಸೀಳುತ್ತದೆ, ಆಮೇಲೆ ‘ನಿಮ್ಮ ಸಿಮೆಂಟ ಸುಮಾರ ಐತ್ರಿ’ ಎಂದು ನನ್ನ ಅಂಗಡಿಗೇ ಬಂದು ಜಗಳ ತೆಗೆಯುತ್ತಾರೆ. ನೀರಿಲ್ಲದೆ ಒಣಗುವ ಹೊಸ ಗೋಡೆ ಕಂಡರೆ ನನಗೆ ಅಳುವ ಕೂಸನ್ನು ಕಂಡ ಹಾಗೆ. ಪಕ್ಕದಲ್ಲೇ ನೀರಿನ ಪೈಪು ಇತ್ತು.

“ಬ್ಯಾಡೋ ಶೇಠ, ಮಂದೀ ಗುಡಿ ಐತದು,” ಎಂದ ಬಾಳಾಸಾಹೇಬ.

“ಪುಣ್ಯಾ ಬರತೈತಿ ಸುಮ್ನಿರೋ,” ಎಂದೆ. ನಳ ತಿರುವಿದೆ. ಬೆರಳು ಅಡ್ಡ ಹಿಡಿದು, ಮೇಲಿನಿಂದ ಕೆಳಗೆ, ಗೋಡೆಗೆ ಚೆನ್ನಾಗಿ ನೀರು ಹೊಡೆದೆ.

ಗೋಡೆ ಹಾಲು ಸುರಿಸಲು ಶುರು ಮಾಡಿತು! ಬೆಳ್ಳನೆಯ ನೀರು ದಳದಳ ಇಳಿದು ಬುಡದ ನೀಲಿ ಪಟ್ಟಿಯ ಮೇಲೆ, ಅಮೃತಶಿಲೆಯ ಕಿಟಕಿಯ ಚೌಕಟ್ಟಿನ ಮೇಲೆ ಹರಿಯಿತು. ನಾನು ಇನ್ನೂ ಪೈಪು ಹಿಡಿದೇ ನಿಂತಿದ್ದೆ. ಹಿಂದಿನಿಂದ ಒಂದು ಕಿರುಚಾಟ ಕೇಳಿತು. ತಲೆಗೆ ಅರಿವೆ ಕಟ್ಟಿದ ಒಬ್ಬ ಅಜ್ಜಿ ಓಡಿ ಬಂದವಳೇ ಸುಣ್ಣದ ಬ್ರಷ್ಷಿನಿಂದ ನನ್ನ ತೋಳಿಗೆ ಎರಡು ಬಿಟ್ಟಳು. ಬಾಳಾಸಾಹೇಬ ನನ್ನ ಗುರುತೇ ಇಲ್ಲದವನ ಹಾಗೆ ಕೊಕ್ಕರೆ ನೋಡುತ್ತ ನಿಂತ.

ಗದ್ದಲ ಕೇಳಿ ಲವೀನಾ ಏದುಸಿರು ಬಿಡುತ್ತ ಬಂದಳು. ಅಜ್ಜಿಯ ಹೆಸರು ಲುರ್ದೆಸ್, ಚರ್ಚಿನ ಕೀಲಿ ಕೈ ಅವಳ ಹತ್ತಿರವೇ ಇರುತ್ತದೆ ಎಂದು ಗೊತ್ತಾಯಿತು.

“ಕಾಕಾ, ನೀರ್ ಯಾಕ್ ಹೊಡದ್ರಿ ಅಂತ ಕೇಳಾಕತ್ತಾರ.”

“ಒಣಗಾಕತ್ತಿತ್ತವಾ. ಸಿಮೆಂಟಿಗೆ ನೀರ್ ಬೇಕಲ್ಲ.”

“ಇದು ಸಿಮೆಂಟ ಅಲ್ಲಂತ್ರಿ. ಸುಣ್ಣ ಅಂತ. ಮುಂಜಾನಿ ಹಚ್ಚ್ಯಾರಂತ. ಇದಕ್ಕ ಹಸಿ ಅರಿವಿ ಕಟ್ಟಿ ಸಾವಕಾಶ ಆರಸ್ತಾರಂತ, ಯಾರೂ ಹಿಂಗ ಪೈಪ್ ಹಿಡಿಯೂದಿಲ್ಲಂತ.”

ನನ್ನ ಮುಖ ಹುಳ್ಳಗಾಯಿತು. ಅಜ್ಜಿ ನನ್ನ ಕೈಯಿಂದ ಪೈಪು ಕಸಿದುಕೊಂಡು ಒಂದು ಬಕೆಟ್ಟು, ಒಂದು ಸ್ಪಂಜು ಕೊಟ್ಟಳು. ತರ್ಜುಮೆ ಬೇಕಾಗಲಿಲ್ಲ. ಕಂಪನಿಯ ಹೆಸರು ಬರೆದ ಟೀ ಶರ್ಟು ತೊಟ್ಟು ಒಂದು ತಾಸು ಆ ಅಮೃತಶಿಲೆಯನ್ನು ಒರೆಸಿದೆ. ಹೇಳಿದರೆ ನಗುತ್ತೀರಿ, ಆ ಇಡೀ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ತಾಸು ಅದು.

ತೆಂಕಣ ಗೋಡೆ

ಒರೆಸುವಾಗ ಇನ್ನೊಂದು ಕಡೆಯಿಂದ ಚಾಣದಿಂದ ಗೋಡೆ ಕೆತ್ತುವ ಸದ್ದು ಬರುತ್ತಿತ್ತು. ಗವಂಡಿಗಳು ಕಾಫಿ ಮುಗಿಸಿ ಬಂದಿದ್ದರು. ಹಳೇ ಸುಣ್ಣ ಕಿತ್ತು ಈಗಲಾದರೂ ಸಿಮೆಂಟು ಹಾಕುತ್ತಾರೇನೋ ಎಂದು ಆಸೆಯಿಂದ ಹೋಗಿ ನೋಡಿದೆ. ಉಲ್ಟಾ! ಸಿಮೆಂಟನ್ನೇ ಕೀಳುತ್ತಿದ್ದರು. ಹಪ್ಪಳದಂಥ ಬೂದು ಪದರ ಚಾಣ ಬಿದ್ದಲ್ಲೆಲ್ಲ ಎದ್ದು ಬರುತ್ತಿತ್ತು. ಗಟ್ಟಿ ಸಿಮೆಂಟೇ, ನಾನು ಮುಟ್ಟಿ ನೋಡಿದೆ. ನಮ್ಮ ಮಾಲಿಗಿಂತ ಏನೂ ಕಡಿಮೆ ಇರಲಿಲ್ಲ.

ಲುರ್ದೆಸ್ ಅಜ್ಜಿ ನನ್ನ ಕೈ ಹಿಡಿದು, ಸಿಮೆಂಟು ಎದ್ದ ಜಾಗದಲ್ಲಿ ನನ್ನ ಬೆರಳನ್ನು ಒತ್ತಿದಳು. ಬೆರಳು ಗೋಡೆಯೊಳಗೆ ಗೆಣ್ಣಿನವರೆಗೆ ಇಳಿಯಿತು. ತಣ್ಣಗೆ, ಹಸಿಹಸಿ. ತೆಗೆದರೆ ಅದರ ಹಿಂದೆಯೇ ಜೋಳದ ಹಿಟ್ಟಿನ ಹಾಗೆ ಮಣ್ಣು ಸುರಿಯಿತು.

ಇಡೀ ಚರ್ಚು ಮಣ್ಣಿನದಂತೆ! ಎರಡು ಹಲಗೆಗಳ ನಡುವೆ ಹಸಿ ಮಣ್ಣು ತುಂಬಿ, ಗುದ್ದಿ ಗುದ್ದಿ ಕಲ್ಲು ಮಾಡಿ, ಹಲಗೆ ಮೇಲಕ್ಕೆತ್ತಿ ಮತ್ತೆ ತುಂಬಿ ಕಟ್ಟಿದ ಗೋಡೆ. ಹಳ್ಳಿಯ ರೈತರೇ ಸುಗ್ಗಿ ಮುಗಿದ ಮೇಲೆ ಬಂದು ಗುದ್ದಿದ್ದಂತೆ. ಹಿಂದೊಮ್ಮೆ ಇಡೀ ದೇಶವನ್ನು ನಡುಗಿಸಿದ ಭೂಕಂಪದಲ್ಲಿ ಬಲಗಡೆಯ ಗೋಪುರ ಉರುಳಿತು, ಅದನ್ನು ಮತ್ತೆ ಕಟ್ಟಲಾಗಲಿಲ್ಲ. ಆದರೆ ಗೋಡೆ ನಿಂತಿತು. ಆಮೇಲೆಯೇ ಆನೆಗಾಲಿನ ಕಂಬಗಳನ್ನು ಕೊಟ್ಟರು.

“ಭೂಮಿ ನಡುಗಿದ್ರೂ ಬೀಳಲಿಲ್ಲ, ಇಷ್ಟ್ ಮಳಿಗಿ ಏನೂ ಆಗಲಿಲ್ಲ,” ಲವೀನಾ ಅಜ್ಜಿಯ ಮಾತು ಹೇಳುತ್ತ ಹೋದಳು. “ಮಣ್ಣಿನ ಗ್ವಾಡಿ ನೆಲದಾಗಿನ ನೀರ್ ಕುಡೀತೈತಿ. ಸುಣ್ಣ ಇದ್ರ ಹೊರಗ ಬಿಡತೈತಿ. ಸಿಮೆಂಟ್ ಹಚ್ಚಿದ ಮ್ಯಾಲ ನೀರಿಗಿ ಹೊರಗ ಬರಾಕ ದಾರಿ ಇಲ್ಲ. ಮ್ಯಾಲ ಏರತೈತಿ, ಒಳಗ ಕೊಳೀತೈತಿ.”

ನಾನು ಬೆರಳು ಒರೆಸಿಕೊಳ್ಳಲಿಲ್ಲ. ಹೊರಗೆ ಕಲ್ಲು, ಒಳಗೆ ಮಣ್ಣು ತುಂಬಿದ ಇನ್ನೊಂದು ಗೋಡೆ ಕಣ್ಣ ಮುಂದೆ ಬಂದಿತ್ತು. ನಮ್ಮದು ಬೇರೆ, ನಮ್ಮದು ಕರಿಕಲ್ಲು ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ.

ಒಳಗೆ

ನಾನು ಮಾಡಿದ ಚಾಕರಿಗೆ ಮೆಚ್ಚಿ ಅಜ್ಜಿ ಬಾಗಿಲು ತೆರೆದಳು. ಒಳಗೆ ಹೋದವನು ಬಾಯಿ ತೆರೆದು ನಿಂತೆ. ಹೊರಗೆ ಅಷ್ಟು ಸಾದಾ, ಒಳಗೆ ಅಷ್ಟು ಸಿರಿವಂತ! ಎದುರಿಗೆ ದ್ರಾಕ್ಷಿ ಬಳ್ಳಿ, ಗೊಂಚಲು ಕೆತ್ತಿ ಬಂಗಾರದ ಹಾಳೆ ಹೊದಿಸಿದ ಮರದ ಮಂಟಪ. ನಮ್ಮ ಅಥಣಿ ಕಾಗವಾಡದ ದ್ರಾಕ್ಷಿ ತೋಟವನ್ನೇ ತಂದು ದೇವರ ಸುತ್ತ ಹಬ್ಬಿಸಿದ್ದಾರೆ ಅನಿಸಿತು. ಗೋಡೆಯ ಒಂದು ಬದಿಗೆ ನೀಲಿ ಬಿಳಿ ಚಿತ್ರದ ಹಂಚು. ತಲೆಯ ಮೇಲೆ ಕಮಾನಿನ ಛಾವಣಿ. ತೆಳ್ಳನೆಯ ಇಟ್ಟಿಗೆಗಳನ್ನು ಕೆಳಗೆ ಯಾವ ಆಧಾರದ ಹಲಗೆಯೂ ಇಲ್ಲದೆ, ಬರೀ ಕೈಯಲ್ಲಿ ಹಿಡಿದು ಅಂಟಿಸುತ್ತ ಅಂಟಿಸುತ್ತ ಬಾಗಿಸಿದ್ದಂತೆ. ಕಬ್ಬಿಣ ಇಲ್ಲ, ಸಿಮೆಂಟು ಇಲ್ಲ!

“ಹಂಗಾದ್ರ ಇದು ನಿಂತದ್ದರೆ ಹೆಂಗವಾ?” ಎಂದು ಕೇಳಿದೆ.

“ಅವರ್ನ ಕೇಳ್ರಿ ಅಂತಾರ,” ಎಂದು ಲವೀನಾ ನಗುತ್ತ ದೇವರ ಕಡೆ ಕೈ ಮಾಡಿದಳು.

ಬಲಗಡೆಯ ಗೋಡೆಯ ಮೇಲೆ ಸಾಲಾಗಿ ಸಂತರ ಚಿತ್ರಗಳಿದ್ದವು. ಹಳೆಯ ಕಾಲದಲ್ಲಿ ಹಸಿ ಸುಣ್ಣದ ಮೇಲೆಯೇ ಬರೆದದ್ದು, ಆಮೇಲೆ ಯಾರೋ ಸುಣ್ಣ ಬಳಿದು ಮುಚ್ಚಿದ್ದು, ಅಜ್ಜಿ ಹರೆಯದವಳಿದ್ದಾಗ ಒಂದೊಂದೇ ಪದರ ಬಿಡಿಸಿ ಹೊರಗೆ ತೆಗೆದದ್ದು. ಮುಖಗಳು ನಿನ್ನೆ ಬರೆದ ಹಾಗಿವೆ. ಕೆಂಪು ಮೇಲುಹೊದಿಕೆ, ಉದ್ದ ಬೆರಳು. ಕಣ್ಣು ಕೆಳಗೆ ಇಳಿಸಿದೆ. ಸೊಂಟದ ಕೆಳಗೆ ಏನೂ ಇಲ್ಲ. ಆಳೆತ್ತರದವರೆಗೆ ಗೋಡೆ ಕಪ್ಪಾಗಿ, ಉಪ್ಪು ಉಬ್ಬಿ, ಉದುರಿ ಹೋಗಿತ್ತು. ಹೊರಗೆ ಸಿಮೆಂಟು ಇದ್ದದ್ದು ಈ ಗೋಡೆಗೇ.

ಒಬ್ಬ ಸಂತನಿಗೂ ಪಾದಗಳಿರಲಿಲ್ಲ.

ನಾವು ದೇವರನ್ನು ಮೊದಲು ನೋಡುವುದೇ ಪಾದದಲ್ಲಿ. ನಮ್ಮ ಬಸದಿಯ ಗೋಡೆಯಲ್ಲೂ ಒಬ್ಬ ಮುನಿಯ ಪಾದ ಕೆತ್ತಿದ ಕಲ್ಲು ಇದೆ. ಅಪ್ಪ ಅದನ್ನು ತಮ್ಮ ಧೋತರದ ಅಂಚಿನಿಂದ ಒರೆಸಿ ಹಣೆ ಹಚ್ಚುತ್ತಿದ್ದರು. ಪಾದವಿಲ್ಲದ ಆ ಸಾಲಿನ ಮುಂದೆ ಹಣೆ ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ.

ಊಟ

ಹೊತ್ತು ನೆತ್ತಿಗೆ ಬಂದಿತ್ತು. ಅಜ್ಜಿ ಚರ್ಚಿನ ಕಟ್ಟೆಯ ಮೇಲೆ ಬುಟ್ಟಿ ಬಿಚ್ಚಿದಳು. ಬೆಳ್ಳುಳ್ಳಿ ಹಾಕಿದ ಸೂಪನ್ನು ನನ್ನ ಮುಂದೆ ಇಟ್ಟಳು, ನಾನು ಕೈ ಮುಗಿದೆ. ಮೊಟ್ಟೆ ಇಟ್ಟಳು, ಮತ್ತೆ ಕೈ ಮುಗಿದೆ. ಈ ಮನುಷ್ಯ ಏನು ತಿಂದು ಇಷ್ಟು ದಪ್ಪಗಾಗಿದ್ದಾನೆ ಎಂದು ಲವೀನಾಳನ್ನು ಕೇಳಿದಳಂತೆ! ಕೊನೆಗೆ ಒರಟು ರೊಟ್ಟಿ, ಆಲಿವ್ ಕಾಯಿ, ಕಿತ್ತಳೆ ಹಣ್ಣಿಗೆ ಒಪ್ಪಂದವಾಯಿತು. ನಾನು ಚೀಲದಿಂದ ಮನೆಯ ಶೇಂಗಾ ಚಟ್ನಿ ತೆಗೆದು ಅವಳ ರೊಟ್ಟಿಗೆ ಉದುರಿಸಿ, ಅವಳ ಆಲಿವ್ ಎಣ್ಣೆಯನ್ನೇ ಮೇಲೆ ಹಾಕಿದೆ. ಕಣ್ಣಲ್ಲಿ ನೀರು ಬಂದರೂ ಮತ್ತೊಮ್ಮೆ ಕೈ ಚಾಚಿದಳು. ಬಾಳಾಸಾಹೇಬ ಈಗ ನನ್ನ ಪರಿಚಯದವನಾಗಿ ಬಂದು ಪಕ್ಕದಲ್ಲಿ ಕೂತಿದ್ದ.

“ಆ ಸಿಮೆಂಟ್ ಹಚ್ಚಿದ ಶಾಣ್ಯಾ ಯಾರ್ ಅಂತ ಕೇಳವಾ,” ಎಂದ ಬಾಳಾಸಾಹೇಬ, ತಿನ್ನುತ್ತ.

ಲವೀನಾ ಕೇಳಿದಳು. ಅಜ್ಜಿ ರೊಟ್ಟಿ ಕೆಳಗಿಟ್ಟು, ಸೆರಗಿನಂಥ ಅರಿವೆಯಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದಳು. ಲವೀನಾ ಅದನ್ನು ನಮಗೆ ಹೇಳಿದಳು.

“ಅವರ ಗಂಡ ಅಂತ. ಅವರೂ ಗವಂಡಿ. ಅವರ ತಾಯಿ ಹೆಸರಿಲೆ, ಪುಕ್ಕಟೆ ಮಾಡಿಕೊಟ್ಟಿದ್ರಂತ. ಊರ ಮಂದಿ ಎಲ್ಲಾ ಬಂದು ಚಪ್ಪಾಳಿ ಹೊಡದಿದ್ರಂತ.”

ಬಾಳಾಸಾಹೇಬ ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ವಿಮಾನದಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡರೂ ಅವನಿಗೆ ಎಲ್ಲ ಕೇಳಿಸಿತ್ತು.

“ಗ್ವಾಡಿ ಕೆಡಾಕತ್ತೈತಿ ಅಂತ ಅವರಿಗಿ ಗೊತ್ತಾಗಿತ್ತೇನು?” ಎಂದು ನಾನು ಕೇಳಿದೆ.

“ಗೊತ್ತಾಗಿತ್ತಂತ. ಎರಡ್ ಮಳಿ ಆದ ಮ್ಯಾಲ ಗೊತ್ತಾಗಿತ್ತಂತ. ವಾರಾ ವಾರಾ ಬಂದು ಆ ಗ್ವಾಡಿ ಮಗ್ಗಲಕ್ಕ ಕೂಡತಿದ್ರಂತ, ಕೈಯಿಂದ ಮುಟ್ಟಿ ಮುಟ್ಟಿ ನೋಡತಿದ್ರಂತ. ಆದ್ರ ಅಷ್ಟ್ ಮಂದಿ ಚಪ್ಪಾಳಿ ಹೊಡದ ಮ್ಯಾಲ ನಂದ್ ತಪ್ಪಾತು ಅಂತ ಹೆಂಗ್ ಹೇಳಬೇಕು? ಹೇಳಲಿಲ್ಲಂತ. ಸಾಯೂಮಟಾ ಹೇಳಲಿಲ್ಲಂತ. ಚಿತ್ರದ ಕಾಲ ಉದುರಿದ್ದು ಆ ವರ್ಷಗೋಳದಾಗನ ಅಂತ.”

ಅಜ್ಜಿ ಅಳಲಿಲ್ಲ. ಕಿತ್ತಳೆಯ ಸಿಪ್ಪೆ ಬಿಡಿಸಿ ತೊಳೆಗಳನ್ನು ನಮ್ಮ ಮೂವರ ಅಂಗೈಗೂ ಹಾಕಿದಳು. ಆಮೇಲೆ ಎದ್ದು, ಮೊಣಕಾಲಿಗೆ ಕೈಯೂರಿ ನಡೆದು, ತೆಂಕಣ ಗೋಡೆಯ ಬುಡದಲ್ಲಿ ಕೂತು ತಾನೂ ಒಂದು ಚಾಣ ಎತ್ತಿಕೊಂಡಳು.

ಕಟ್ಟೆಯ ಮೇಲಿಂದ ಫೋನು

ನಮ್ಮಲ್ಲಿ ಆಗ ಸಂಜೆ ಐದಾಗಿತ್ತು. ಅಣ್ಣನ ನಂಬರು ಬಾಳಾಸಾಹೇಬನೇ ಒತ್ತಿಕೊಟ್ಟ.

“ಏ ಧನಪಾಲಾ, ನೂರ್ ವರ್ಷ ಆಯುಷ್ಯಾ ನೋಡು ನಿನಗ!” ಅಣ್ಣ ಆ ಕಡೆಯಿಂದ ಕೂಗಿದ. “ಈಗ ನಿನ್ನ ಮಾತ ನಡದಿತ್ತು. ಮೊದಲಿಗೆ ಮೂಡಣ ಗ್ವಾಡಿ ಮುಂಜಾನಿ ಹಿಡದಿದ್ರು, ಈಗ ಮುಗೀತು. ಕನ್ನಡಿ ಆಗೇತೋ! ಊರ ಮಂದೆಲ್ಲಾ ನೋಡಾಕ ಬಂದಾರ.”

“ಅಣ್ಣಾ, ಅದನ್ನ ಕೆರಸು.”

“ಏನು?”

“ಈಗಿಂದೀಗ ಕೆರಸು. ಹಸಿ ಇದ್ದಾಗನ ಬರತೈತಿ. ನಾಳಿಗೆ ಕಲ್ಲಾತಂದ್ರ ಗ್ವಾಡಿನ್ನೂ ಕಿತಗೊಂಡ ಬರತೈತಿ.”

ನಾನು ಹೇಳುತ್ತ ಹೋದೆ. ಮಣ್ಣು ನೀರು ಕುಡಿಯುವುದನ್ನು, ಬೆರಳು ಇಳಿದದ್ದನ್ನು, ಪಾದವಿಲ್ಲದ ಸಂತರನ್ನು, ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಹಿಂದೆ ಮುಂದೆ ಮಾಡಿ ಹೇಳಿದೆ. ಅಣ್ಣನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವನ ಸುತ್ತ ನಿಂತ ಜನರ ನಗು, ಮಾತು ನನಗೆ ಕೇಳಿಸುತ್ತಿತ್ತು.

“ನಿನ್ನ ಅಂಗಡಿ ಸಿಮೆಂಟ್ ನೀನ ಬ್ಯಾಡ ಅಂತೀ?”

“ಹೌದು.”

“ಅಪ್ಪನ ಹೆಸರಿಲೆ ಹಚ್ಚಿದ್ದದು.”

“ಅದಕ್ಕ ಬ್ಯಾಡ ಅನ್ನಾಕತ್ತೇನಿ.”

“ಮಂದಿ ಇಲ್ಲೇ ನಿಂತಾರೋ. ಏನ್ ಹೇಳ್ಲಿ ನಾ?”

ಲುರ್ದೆಸ್ ಅಜ್ಜಿ ಚಾಣದ ತಲೆಗೆ ಒಂದು ಏಟು ಹಾಕಿದಳು, ಅಂಗೈಯಗಲದ ಸಿಮೆಂಟು ಕಳಚಿ ಬಿತ್ತು.

“ಧನಪಾಲ ತಪ್ಪ ಮಾಡ್ಯಾನ ಅಂತ ಹೇಳು. ಗಟ್ಟ್ಯಾಗಿ ಹೇಳು, ಎಲ್ಲಾರಿಗೂ ಕೇಳಲಿ. ಬಂದ ಮ್ಯಾಲ ನಾನೂ ಹೇಳತೇನಿ.”

ಅಣ್ಣ ಫೋನು ಇಡಲಿಲ್ಲ. ಅವನ ಕೆಮ್ಮು ಕೇಳಿತು. ಆಮೇಲೆ ಅವನು ಜನರತ್ತ ತಿರುಗಿ ನನ್ನ ಹೆಸರು ಹಿಡಿದು ಆ ಮಾತು ಹೇಳಿದ್ದು ಕೇಳಿತು. ಅಲ್ಲಿ ಎಲ್ಲರ ನಗು ಒಮ್ಮೆಲೇ ನಿಂತಿತು. ನಾಚಿಕೆಯಿಂದ ನನ್ನ ಕಿವಿ ಸುಟ್ಟು ಹೋದವು. ಸ್ವಲ್ಪ ಹೊತ್ತಿಗೆ, ಹಸಿ ಸಿಮೆಂಟನ್ನು ಕರಣಿಯಿಂದ ಕೆರೆದ ಮೊದಲ ಸದ್ದು ಫೋನಿನಲ್ಲಿ ಬಂತು. ನಾನು ಕಟ್ಟೆಯ ಮೇಲೆ ಕೂತು ಜೋರಾಗಿ ಅತ್ತೆ.